ಹಿತ್ತಿಲ ಕೋಳಿ ಹೆದರಿದಾಗ



ಇವತ್ತಿನ ಮಾತು ಅಡಿಕೆಯ ಕೊಳೆರೋಗದ್ದಲ್ಲ, ರಬ್ಬರಿನದ್ದೂ ಅಲ್ಲ. ಹಿತ್ತಿಲಲ್ಲಿ ಕೆದಕಿಕೊಂಡು ತಿರುಗುವ ಊರ ಕೋಳಿಯದ್ದು. ಅದರಲ್ಲಿಯೂ ಹೆದರಿದ ಕೋಳಿಯದ್ದು. “ಕೋಳಿ ಹೆದರುವುದೂ ಒಂದು ವಿಷಯವೇ?” ಎಂದು ಚಾವಡಿಯಲ್ಲಿ ಕುಳಿತ ಯಜಮಾನರು ನಗಬಹುದು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುವ ಅಕ್ಕಂದಿರು ನಗಲಾರರು. ಅಡಿಕೆಯ ದುಡ್ಡು ಸೊಸೈಟಿಗೆ, ಬ್ಯಾಂಕಿಗೆ, ಕೂಲಿಗೆ ಹೋಗುತ್ತದೆ. ಮೊಟ್ಟೆಯ ದುಡ್ಡು ಹೋಗುವುದು ಮಗುವಿನ ನೋಟ್ ಪುಸ್ತಕಕ್ಕೆ, ಬಸ್ಸಿನ ಚಾರ್ಜಿಗೆ, ಜ್ವರದ ಮಾತ್ರೆಗೆ. ಅದನ್ನು ಖರ್ಚು ಮಾಡಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಎಂಟು ದಿನ ಕೋಳಿ ಮೊಟ್ಟೆ ಇಡದಿದ್ದರೆ ಮನೆಯಲ್ಲಿ ಮೊದಲು ಗೊತ್ತಾಗುವುದೂ ಅವರಿಗೇ.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಮನೆಗಳು ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಇಲ್ಲ. ಒಂದೊಂದು ತೋಟಕ್ಕೆ ಒಂದೊಂದು ಮನೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡೆ, ಗುಡ್ಡೆಯಲ್ಲಿ ಗೇರು ಅಥವಾ ರಬ್ಬರು, ಅದರಾಚೆ ಕಾಡು. ಸುಬ್ರಹ್ಮಣ್ಯ, ಕೊಂಬಾರು, ಬಿಳಿನೆಲೆಯ ಕಡೆಯಲ್ಲಂತೂ ಎಷ್ಟೋ ಮನೆಗಳಿಗೆ ಹಟ್ಟಿಯ ಹಿಂದೆಯೇ ಕಾಡು ಸುರು. ಕೋಳಿ ತಿನ್ನುವ ಪ್ರಾಣಿ ಬರುತ್ತದೋ ಇಲ್ಲವೋ ಎಂದು ಕೇಳಿ ಪ್ರಯೋಜನವಿಲ್ಲ, ಬರುತ್ತದೆ. ಬಂದದ್ದು ಯಾವುದು, ಯಾವ ದಾರಿಯಿಂದ ಬಂತು, ಇದನ್ನು ಕೇಳಬೇಕು. ಇದರ ಉತ್ತರ ಗೊತ್ತಿರುವುದು ಕೋಳಿಗೆ. ನಾವು ಕೋಳಿಯನ್ನು ಕೇಳುವುದಿಲ್ಲ. ನಾನೂ ಕೇಳದೆ ಒಮ್ಮೆ ಮರ್ಯಾದೆ ಕಳೆದುಕೊಂಡಿದ್ದೇನೆ. ಆ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ.

ಕಡಬದ ಕಡೆಯ ಒಂದು ಮನೆ. ಹದಿನಾಲ್ಕು ಹೇಂಟೆ, ಒಂದು ಹುಂಜ. ಆ ಮನೆಯ ಅಕ್ಕ ಫೋನು ಮಾಡಿದರು: “ಸಾರ್, ಒಂದು ಹೇಂಟೆ ಕಾಣುವುದಿಲ್ಲ. ಉಳಿದದ್ದು ಒಂದೂ ಗೂಡಿಗೆ ಹೋಗುವುದಿಲ್ಲ. ಸಂಜೆಯಾದರೆ ಎಲ್ಲ ಹಲಸಿನ ಮರ ಹತ್ತುತ್ತವೆ. ಒಂಬತ್ತು ದಿನ ಆಯಿತು, ಒಂದು ಮೊಟ್ಟೆ ಇಲ್ಲ.” ನಾನು ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋದೆ. ಅಕ್ಕನ ಮೈದುನ ಬೈಕಿನ ಹಳೆಯ ಬ್ರೇಕ್ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. “ಇದು ಕಬ್ಬೆಕ್ಕಿನ ಕೆಲಸ ಸಾರ್. ಉರುಳು ಇಟ್ಟರೆ ಎರಡೇ ದಿನ” ಎಂದರು. ನಾನು ಗೂಡಿನ ಸುತ್ತ ಬಗ್ಗಿ ನೋಡಿದೆ. ಕೆಳಗಿನ ಹಲಗೆಯಲ್ಲಿ ಮುಷ್ಟಿ ಹಿಡಿಯುವಷ್ಟು ತೂತು. ಓದಿದವನ ಧೈರ್ಯ ನೋಡಿ, ಒಂದೇ ಮಾತಿನಲ್ಲಿ ಹೇಳಿಬಿಟ್ಟೆ: “ಇದು ಮುಂಗುಸಿ. ತೂತಿಗೆ ತಗಡು ಹೊಡೆಯಿರಿ, ಸರಿಯಾಗುತ್ತದೆ.” ಉರುಳು ಮಾತ್ರ ಬೇಡವೆಂದು ಗಟ್ಟಿಯಾಗಿ ಹೇಳಿ ಬಂದೆ. ಅಷ್ಟಾದರೂ ಸರಿ ಹೇಳಿದೆನಲ್ಲ ಎಂದು ಈಗ ಸಮಾಧಾನ.

ನಾಲ್ಕು ದಿನ ಕಳೆದು ಮತ್ತೆ ಫೋನು. ತಗಡು ಹೊಡೆದಾಗಿದೆ, ಕೋಳಿ ಈಗಲೂ ಮರದ ಮೇಲೆಯೇ. ಈ ಸಲ ನಾನು ಹೋದದ್ದು ಸಂಜೆ ಹೊತ್ತಿಗೆ. ಜಗಲಿಯಲ್ಲಿ ಕೂತು ಸುಮ್ಮನೆ ನೋಡಿದೆವು. ಬೆಳಕು ಇಳಿಯುವಾಗ ಕೋಳಿಗಳು ಒಂದೊಂದಾಗಿ ಗೂಡಿನ ಕಡೆ ಬಂದವು. ಗೂಡು ಇದ್ದದ್ದು ಹಟ್ಟಿಗೆ ತಾಗಿದ ಮಾಡಿನ ಕೆಳಗೆ. ಹತ್ತು ಅಡಿ ದೂರದಲ್ಲಿ ಎಲ್ಲವೂ ನಿಂತವು. ಕುತ್ತಿಗೆ ಉದ್ದ ಮಾಡಿ ಹುಂಜ ಕೂಗತೊಡಗಿತು: ಕೊಟ್, ಕೊಟ್, ಕೊಟ್, ಕೊಟಾಕ್! ಒಂದು ಕೋಳಿಯೂ ನಾನು ಮುಚ್ಚಿಸಿದ ತೂತಿನ ಕಡೆ ನೋಡಲಿಲ್ಲ. ಎಲ್ಲದರ ತಲೆಯೂ ಮೇಲಕ್ಕೆ, ಮಾಡಿನ ಒಳಗಿನ ಅಟ್ಟದ ಕಡೆಗೆ.

ಇಲ್ಲಿ ಸ್ವಲ್ಪ ನಿಂತು ಕೋಳಿಯ ಭಾಷೆಯ ವಿಷಯ ಹೇಳಬೇಕು. ಹೆದರಿಕೆಗೆ ಕೋಳಿಯಲ್ಲಿ ಎರಡು ಬೇರೆ ಬೇರೆ ಕೂಗು ಉಂಟು. ಪಕ್ಷಿಗಳ ನಡತೆಯನ್ನು ಅಭ್ಯಾಸ ಮಾಡಿದವರು ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಕಿವಿ ಕೊಟ್ಟರೆ ನೀವೂ ನೋಡಬಹುದು. ಆಕಾಶದಲ್ಲಿ ಗಿಡುಗವೋ ಹದ್ದೋ ಕಂಡಾಗ ಹುಂಜ ಸಣ್ಣ ಸ್ವರದಲ್ಲಿ ಉದ್ದಕ್ಕೆ ಎಳೆದು ಒಂದೇ ಕೂಗು ಹಾಕುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಹೇಂಟೆಗಳು, ಮರಿಗಳು ಪೊದೆಯ ಕೆಳಗೆ ಓಡಿ, ನೆಲಕ್ಕೆ ಅಂಟಿ, ತಲೆ ಓರೆಮಾಡಿ ಒಂದು ಕಣ್ಣಿನಿಂದ ಮೇಲೆ ನೋಡುತ್ತವೆ. ನೆಲದ ಮೇಲೆ ಬರುವ ನಾಯಿ, ಮುಂಗುಸಿ, ಹಾವು ಕಂಡಾಗ ಹಾಗಲ್ಲ. ಆಗ ನೆಟ್ಟಗೆ ನಿಂತು, ಕಡಿದು ಕಡಿದು, ನಿಲ್ಲಿಸದೆ ಕೂಗುವುದು. ಶತ್ರು ಎದುರಿಗೆ ಇರುವಷ್ಟು ಹೊತ್ತೂ ಕೂಗುವುದು. ಮೊಟ್ಟೆ ಇಟ್ಟ ಹೇಂಟೆಯೂ ಹೀಗೆಯೇ ಕೂಗುತ್ತದಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಅದು ಗೂಡಿನಿಂದ ಇಳಿದು ಬಂದು ಒಂದೇ ಕೂಗುತ್ತದೆ, ಉಳಿದವು ತಮ್ಮಷ್ಟಕ್ಕೆ ಕೆದಕುತ್ತಿರುತ್ತವೆ. ಹೆದರಿಕೆಯ ಕೂಗಾದರೆ ಕೆದಕುವುದು ನಿಲ್ಲುತ್ತದೆ. ಇನ್ನೊಂದು ತಮಾಷೆಯ ಸಂಗತಿ: ಹುಂಜ ಒಂಟಿಯಾಗಿರುವಾಗ ಹದ್ದು ಕಂಡರೆ ಹೆಚ್ಚಾಗಿ ಬಾಯಿ ಬಿಡುವುದಿಲ್ಲ, ಹೇಂಟೆ ಹತ್ತಿರ ಇದ್ದರೆ ಕೂಗುತ್ತದೆ. ಪೌರುಷಕ್ಕೆ ನೋಡುವವರು ಬೇಕೆಂಬುದು ಕೋಳಿಯಲ್ಲಿಯೂ ಉಂಟು.

ಈಗ ಆ ಮನೆಗೆ ಬನ್ನಿ. ಕೋಳಿಗಳು ನೋಡುವುದು ಮೇಲಕ್ಕೆ, ಆದರೆ ಕೂಗುವುದು ನೆಲದ ಶತ್ರುವಿನ ಕೂಗು. ಹಾಗಾದರೆ ಮೇಲೆ ಇರುವುದು ಹಾರುವಂಥದ್ದಲ್ಲ, ಹರಿಯುವಂಥದ್ದು ಅಥವಾ ಹತ್ತುವಂಥದ್ದು. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಆಗ ಹೇಳಿದರು: “ಅವು ಅಟ್ಟ ನೋಡಲು ಸುರುಮಾಡಿ ದಿನ ಎಷ್ಟಾಯಿತು ಮಗಾ! ನಾನು ಹೇಳಿದರೆ ಕೇಳುವವರು ಯಾರು?” ಟಾರ್ಚು ಹಿಡಿದು ಅಟ್ಟದ ಹಾಳೆಯ ರಾಶಿ ಸರಿಸಿ ನೋಡುವಾಗ ಎಂಟು ಅಡಿಯ ಹೆಬ್ಬಾವು ಸುರುಳಿ ಸುತ್ತಿ ಮಲಗಿತ್ತು. ಹೇಂಟೆಯನ್ನು ನುಂಗಿ, ಅರಗಿಸಿಕೊಂಡು, ಅಲ್ಲಿಯೇ ಬಿಡಾರ ಮಾಡಿತ್ತು. ಅರಣ್ಯ ಇಲಾಖೆಯವರು ಬಂದು ಹಿಡಿದು ಕಾಡಿಗೆ ಒಯ್ದರು. ನಾನು ಹೇಳಿದ ಮುಂಗುಸಿ ಆ ಮನೆಗೆ ಬಂದೇ ಇರಲಿಲ್ಲ.

ಆದುದರಿಂದ ನನ್ನ ಮೊದಲನೆಯ ಸಲಹೆ ಇಷ್ಟೇ. ಕೋಳಿ ಹೆದರಿದೆ ಎಂದು ಕಂಡರೆ ಬೆಳಿಗ್ಗೆ ಗೂಡು ನೋಡುವುದು ಮಾತ್ರ ಸಾಲದು. ಸಂಜೆ ಅರ್ಧ ಗಂಟೆ ಮಾತಿಲ್ಲದೆ ಕೂತು, ಅವು ಯಾವ ಕಡೆ ನೋಡುತ್ತವೆ, ಎಲ್ಲಿ ನಿಲ್ಲುತ್ತವೆ, ಹೇಗೆ ಕೂಗುತ್ತವೆ ನೋಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನು ಕೇಳಿ.

ಕೋಳಿ ಹೋದ ಮೇಲೆ ಉಳಿಯುವ ಗುರುತುಗಳೂ ಮಾತಾಡುತ್ತವೆ. ಪುಕ್ಕ, ರಕ್ತ ಏನೂ ಇಲ್ಲದೆ ಒಂದು ಕೋಳಿ ಮಾಯವಾದರೆ ಹೆಬ್ಬಾವಿನ ಸಂಶಯ ಮಾಡಬೇಕು. ಎಷ್ಟೋ ಸಲ ಅದು ಗೂಡಿನ ಒಳಗೇ ಸಿಕ್ಕುತ್ತದೆ, ಏಕೆಂದರೆ ತೆಳ್ಳಗೆ ಬಂದ ಸಂದಿಯಲ್ಲಿ ಹೊಟ್ಟೆ ತುಂಬಿದ ಮೇಲೆ ಹೊರಗೆ ಹೋಗಲು ಆಗುವುದಿಲ್ಲ. ಪುಕ್ಕದ ಸಾಲು ಗುಡ್ಡೆಯ ಕಡೆಗೆ ಹೋಗಿದ್ದರೆ ನರಿ ಅಥವಾ ಕಾಡುಬೆಕ್ಕು. ಮುಂಗುಸಿ ಹಗಲಿನ ಪ್ರಾಣಿ, ತಲೆಗೆ, ಕುತ್ತಿಗೆಗೆ ಕಚ್ಚುತ್ತದೆ. ಕಬ್ಬೆಕ್ಕು ರಾತ್ರಿ ಹಂಚಿನ ಮೇಲಿಂದ ಬರುತ್ತದೆ, ಅದರ ಹಿಕ್ಕೆಯಲ್ಲಿ ಹಣ್ಣಿನ ಬೀಜಗಳು ಇಡಿಯಾಗಿ ಕಾಣುತ್ತವೆ. ನಾಲ್ಕೈದು ಕೋಳಿ ಸತ್ತು, ಹರಿದು ಬಿದ್ದು, ತಿಂದದ್ದು ಮಾತ್ರ ಏನೂ ಇಲ್ಲವೆಂದಾದರೆ ಕಾಡಿನ ಕಡೆ ಬೆರಳು ತೋರಿಸಬೇಡಿ. ಅದು ಹೆಚ್ಚಾಗಿ ನಾಯಿ. ನಮ್ಮದೇ ನಾಯಿ ಅಥವಾ ನೆರೆಯವರದ್ದು. ಈ ಮಾತು ಹೇಳಿದರೆ ಬೇಲಿಯ ಎರಡೂ ಕಡೆ ಜಗಳ ಆಗುತ್ತದೆ ಎಂದು ಗೊತ್ತು, ಆದರೂ ಹೇಳಲೇಬೇಕು.

ಮೊಟ್ಟೆಯ ವಿಷಯ ಬೇರೆ. ಒಡೆದು ಕುಡಿದು ಚಿಪ್ಪು ಬಿಟ್ಟು ಹೋದದ್ದಾದರೆ ಕಾಗೆ, ಕೆಂಬೂತ ಅಥವಾ ಮುಂಗುಸಿ. ಚಿಪ್ಪೂ ಇಲ್ಲವಾದರೆ ಹಾವು ಅಥವಾ ಉರುಳಿಸಿಕೊಂಡು ಹೋಗುವ ಹೆಗ್ಗಣ. ಕಾವು ಕೂತ ಹೇಂಟೆ ಮೊಟ್ಟೆಯ ಮೇಲೆಯೇ ಸತ್ತು ಬಿದ್ದಿದ್ದರೆ ಕೈ ಹಾಕಬೇಡಿ. ನಾಗರಹಾವು ಮೊಟ್ಟೆಗೆ ಬಂದಾಗ ಹೇಂಟೆ ಕುಕ್ಕಿ, ಕಚ್ಚಿಸಿಕೊಂಡು ಸಾಯುವುದುಂಟು, ಹಾವು ಅದೇ ಹುಲ್ಲಿನ ಕೆಳಗೆ ಇರಬಹುದು. ನಸುಕತ್ತಲೆಯಲ್ಲಿ ಮೊಟ್ಟೆ ತೆಗೆಯಲು ಬುಟ್ಟಿಗೆ ಬರಿಗೈ ಹಾಕುವ ಅಭ್ಯಾಸವನ್ನು ಇವತ್ತೇ ಬಿಡಿ. ಮೊದಲು ಟಾರ್ಚು, ಆಮೇಲೆ ಕೋಲು, ಕೊನೆಗೆ ಕೈ.

ಒಂದು ಎಚ್ಚರಿಕೆ. ಹೆದರಿದ ಕೋಳಿ ಚುರುಕಾಗಿರುತ್ತದೆ, ಕುತ್ತಿಗೆ ಎತ್ತಿರುತ್ತದೆ. ಪುಕ್ಕ ಉಬ್ಬಿಸಿ, ತೂಕಡಿಸಿ, ಹಸಿರು ಬಿಳಿ ಹಿಕ್ಕೆ ಹಾಕಿ, ಕುತ್ತಿಗೆ ತಿರುಚಿ ನಿಂತದ್ದು ಹೆದರಿದ ಕೋಳಿಯಲ್ಲ, ರೋಗದ ಕೋಳಿ. ನಾವು ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಇರಬಹುದು. ಅದಕ್ಕೆ ಲಸಿಕೆಯನ್ನು ಮರಿ ಇರುವಾಗಲೇ ಮೊದಲ ವಾರದಲ್ಲಿ, ಮತ್ತೆ ಎಂಟನೆಯ ವಾರದಲ್ಲಿ ಹಾಕಿಸಬೇಕು. ಗಾಯವಿಲ್ಲದೆ ಒಂದೇ ರಾತ್ರಿ ಹಲವು ಕೋಳಿ ಸತ್ತರೆ ಅದನ್ನು ಭೂತದ ಉಪದ್ರವೆಂದೋ ಬೆಕ್ಕಿನ ಕೆಲಸವೆಂದೋ ಹೇಳಿ ಸಾರು ಮಾಡಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ. ಪಶು ಆಸ್ಪತ್ರೆಗೆ ಹೇಳಿ, ಅಥವಾ 1962ಕ್ಕೆ ಫೋನು ಮಾಡಿ.

ಇನ್ನು ಹೆದರಿದ ಕೋಳಿ ಮೊಟ್ಟೆ ನಿಲ್ಲಿಸುವುದು ಏಕೆ? 2021ರ ಫೆಬ್ರವರಿಯಲ್ಲಿ ನಮ್ಮ ಕಡಬ ತಾಲೂಕಿನ ಬಿಳಿನೆಲೆಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ, ನಾಯಿಯ ಹಿಂದೆಯೇ ಮನೆಯ ಹೊರಗಿನ ಶೌಚಾಲಯಕ್ಕೆ ನುಗ್ಗಿತು. ಮನೆಯವರು ಹೊರಗಿನಿಂದ ಬಾಗಿಲು ಹಾಕಿದರು. ಗಂಟೆಗಟ್ಟಲೆ ನಾಯಿ ಒಂದು ಮೂಲೆ, ಚಿರತೆ ಒಂದು ಮೂಲೆ. ಚಿರತೆ ನಾಯಿಯನ್ನು ತಿನ್ನಲಿಲ್ಲ. ಕೊನೆಗೆ ಮಾಡು ಒಡೆದು ಓಡಿತು, ನಾಯಿ ಬದುಕಿತು. ಸಿಕ್ಕಿಬಿದ್ದೆನೆಂದು ಗೊತ್ತಾದ ಮೇಲೆ ಚಿರತೆಗೂ ಊಟ ಬೇಡವಾಯಿತೆಂದೇ ನಾನು ತಿಳಿದಿದ್ದೇನೆ. ಹೆದರಿದ ಜೀವಕ್ಕೆ ಓಡುವುದೊಂದೇ ಕೆಲಸ, ಉಳಿದ ಕೆಲಸವನ್ನೆಲ್ಲ ದೇಹ ಬದಿಗೆ ಇಡುತ್ತದೆ. ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು, ಅದರಲ್ಲಿ ಚಿಪ್ಪು ಕಟ್ಟಲಿಕ್ಕೇ ಸುಮಾರು 20 ಗಂಟೆ. ಆ ನಡುವೆ ಹೆದರಿದರೆ ಹೇಂಟೆ ಮೊಟ್ಟೆಯನ್ನು ಒಳಗೇ ತಡೆಯುತ್ತದೆ. ತಡೆದ ಮೊಟ್ಟೆಯ ಮೇಲೆ ಸುಣ್ಣದ ಇನ್ನೊಂದು ಪದರ ಕೂರುತ್ತದೆ. ಮೇಲೆ ಬಿಳಿ ಹುಡಿ ಎರಚಿದ ಹಾಗೆ ಕಾಣುವ ಮೊಟ್ಟೆ ಸಿಕ್ಕಿದರೆ ಹಿಂದಿನ ದಿನ ಏನೋ ಆಗಿದೆ ಎಂದು ತಿಳಿಯಿರಿ. ಚಿಪ್ಪಿಲ್ಲದ ಮೆತ್ತನೆಯ ಮೊಟ್ಟೆಯೂ ಬರಬಹುದು. ಬಾಲದ ಪುಕ್ಕ ಒಮ್ಮೆಲೇ ಉದುರಿದ ಕೋಳಿ ಕಂಡರೆ ಅದು ಯಾರದ್ದೋ ಬಾಯಿಯಿಂದ ತಪ್ಪಿಸಿಕೊಂಡು ಬಂದದ್ದಿರಬಹುದು. ಹಿಡಿದಾಗ ಪುಕ್ಕ ಕಳಚಿ ಕೊಡುವುದು ಹಕ್ಕಿಗಳ ಉಪಾಯ.

ಶತ್ರು ಹೋದ ಕೂಡಲೇ ಹೆದರಿಕೆ ಹೋಗುವುದಿಲ್ಲ. ಆ ಮನೆಯಲ್ಲಿ ಹೆಬ್ಬಾವನ್ನು ಒಯ್ದ ಮೇಲೆಯೂ ಆರು ದಿನ ಕೋಳಿಗಳು ಮರ ಬಿಡಲಿಲ್ಲ. ಇಲ್ಲಿ ನಮ್ಮವರು ತಪ್ಪು ಮಾಡುತ್ತಾರೆ. ಸಂಜೆ ಮಕ್ಕಳನ್ನೆಲ್ಲ ಸೇರಿಸಿ, ಕೋಲು ಹಿಡಿದು, ಹೋ ಎಂದು ಓಡಿಸಿ ಗೂಡಿಗೆ ಹಾಕಲು ನೋಡುತ್ತಾರೆ. ಗೂಡಿನ ಹೆದರಿಕೆಯ ಮೇಲೆ ನಮ್ಮ ಹೆದರಿಕೆಯೂ ಸೇರಿದ ಹಾಗಾಗುತ್ತದೆ. ಹೆದರಿದ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ರಾಶಿ ಬಿದ್ದು ಉಸಿರುಗಟ್ಟಿ ಸಾಯುವುದೂ ಉಂಟು. ಕೋಳಿಗೆ ಕತ್ತಲೆಯಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ; ಕಬ್ಬೆಕ್ಕಿಗೆ ಆಗುವ ಈ ಅನುಕೂಲ ನಮಗೂ ಆಗಲಿ. ಪೂರ್ತಿ ಕತ್ತಲಾದ ಮೇಲೆ ಕೈಗೆ ಎಟಕುವ ಕೊಂಬೆಯಿಂದ ಮೆಲ್ಲನೆ, ಎರಡೂ ರೆಕ್ಕೆ ಒತ್ತಿ ಹಿಡಿದು, ಒಂದೊಂದಾಗಿ ಗೂಡಿನ ಕೋಲಿನ ಮೇಲೆ ಕೂರಿಸಿ. ಅದಕ್ಕೆ ಮೊದಲು ಗೂಡಿನ ಹಳೆಯ ಹುಲ್ಲು, ತೌಡು, ಹಿಕ್ಕೆ ಎಲ್ಲ ತೆಗೆದು, ಸುಣ್ಣ ಬಳಿದು, ಒಣಗಿಸಿ, ಒಲೆಯ ಬೂದಿ ಹರಡಿರಬೇಕು. ಸಾಧ್ಯವಿದ್ದರೆ ಗೂಡಿನ ಜಾಗವನ್ನೇ ಬದಲಾಯಿಸಿ. ಬೆಳಿಗ್ಗೆ ಒಂಬತ್ತರವರೆಗೆ ಒಳಗೇ ಬಿಟ್ಟು ಅಲ್ಲಿಯೇ ನುಚ್ಚು, ನೀರು ಕೊಡಿ. ಒಂದು ವಾರ ಹೀಗೆ ಮಾಡಿದರೆ ಗೂಡು ತನ್ನದೆಂಬ ನೆನಪು ಅವಕ್ಕೆ ತಿರುಗಿ ಬರುತ್ತದೆ. ಮರದ ಮೇಲೆಯೇ ಇರಲಿ, ಕಾಡುಕೋಳಿ ಇರುವುದಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ನಿಜ, ಊರ ಕೋಳಿಯ ಮೂಲ ಕೆಂಪು ಕಾಡುಕೋಳಿ. ಅದರ ಕಾಲಿನ ಹಳದಿ ಬಣ್ಣ ಮಾತ್ರ ನಮ್ಮ ಘಟ್ಟದ ಬೂದು ಕಾಡುಕೋಳಿಯ ಕಡೆಯಿಂದ ಬಂದದ್ದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಆದರೆ ಆಟಿ ತಿಂಗಳ ಮಳೆಯಲ್ಲಿ ಹಲಸಿನ ಕೊಂಬೆಯ ಮೇಲೆ ರಾತ್ರಿ ಕಳೆದ ಹೇಂಟೆ ನಿಮಗೆ ಮೊಟ್ಟೆ ಕೊಡಲಾರದು, ಕಬ್ಬೆಕ್ಕಿಗೆ ಊಟ ಕೊಟ್ಟೀತು.

ಗೂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಕಾಲಿನ ಮೇಲೆ ಮೂರು ಅಡಿ ಎತ್ತರ ಇರಲಿ, ಕಾಲಿಗೆ ತಗಡು ಸುತ್ತಿರಲಿ. ಸೀಳಿದ ಅಡಿಕೆ ಮರದ ಗೂಡು ಒಳ್ಳೆಯದೇ, ಆದರೆ ಒಣಗಿದ ಮೇಲೆ ಸಂದಿ ಬಿಡುತ್ತದೆ. ಒಳಗಿನಿಂದ ಅರ್ಧ ಅಂಗುಲ ಕಣ್ಣಿನ ಗಟ್ಟಿ ಕಬ್ಬಿಣದ ಜಾಲರಿ ಹೊಡೆಯಿರಿ. ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೊಡುವ ತೆಳು ತಂತಿಯ ಬಲೆ ಕೋಳಿಯನ್ನು ಒಳಗೆ ಇಟ್ಟೀತೇ ಹೊರತು ನಾಯಿಯನ್ನು ಹೊರಗೆ ಇಡಲಾರದು. ಗೂಡು ನೆಲದ ಮೇಲೆಯೇ ಇದ್ದರೆ ಜಾಲರಿಯನ್ನು ಹೊರಗಿನ ನೆಲದ ಮೇಲೆ ಒಂದು ಅಡಿ ಮಡಚಿ ಹಾಸಿ, ಮಣ್ಣು ಮುಚ್ಚಿ, ಕೆಂಪುಕಲ್ಲು ಹೇರಿ. ಅಗೆಯುವ ಪ್ರಾಣಿ ಗೋಡೆಯ ಬುಡದಲ್ಲಿಯೇ ಅಗೆಯುವುದು, ಜಾಲರಿ ತಾಗಿದರೆ ಬಿಟ್ಟು ಹೋಗುತ್ತದೆ. ಮರಿಗಳಿಗೆ ಮಂಗಳೂರಿನ ಬಂದರಿನ ಕಡೆಯಿಂದ ಹಳೆಯ ಮೀನಿನ ಬಲೆ ತಂದು ಅಂಗಳದ ಒಂದು ಮೂಲೆಗೆ ಚಪ್ಪರದ ಹಾಗೆ ಕಟ್ಟಿದರೆ ಹದ್ದು, ಕಾಗೆಯ ಕಾಟ ಇಲ್ಲ. ಸೌದೆಯ ರಾಶಿ, ಅಡಿಕೆ ಸಿಪ್ಪೆ, ಹಾಳೆ, ಮಡಲು ಇವನ್ನು ಗೂಡಿನಿಂದ ದೂರ ಇಡಿ. ಮಳೆಗಾಲದಲ್ಲಿ ಒಣ ಜಾಗವೆಂದು ಇಲಿ ಅಲ್ಲಿ ಸೇರುತ್ತದೆ, ಇಲಿಯ ಹಿಂದೆ ಹಾವು. ಇಷ್ಟೆಲ್ಲ ಮಾಡಿಯೂ ಗೂಡಿನ ಬಾಗಿಲು ಹಾಕದಿದ್ದರೆ ಏನು ಫಲ? ಕಬ್ಬೆಕ್ಕು ಹೊರಡುವ ಹೊತ್ತೂ ಟಿ.ವಿ.ಯಲ್ಲಿ ಧಾರಾವಾಹಿ ಸುರುವಾಗುವ ಹೊತ್ತೂ ಒಂದೇ ಆಗಿರುವುದು ನಮ್ಮ ದುರದೃಷ್ಟ.

ಈಗ ಉರುಳಿನ ವಿಷಯ. ಕೋಳಿ ಹೋದ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ. ದೈವಕ್ಕೆ ಹರಕೆಗೆಂದು ಬಿಟ್ಟ ಹುಂಜವೇ ಹೋದರಂತೂ ದುಃಖದ ಜೊತೆಗೆ ಭಯವೂ ಸೇರುತ್ತದೆ. ಆದರೆ ತಂತಿಯ ಉರುಳಿಗೆ ಕಣ್ಣಿಲ್ಲ. ಕಬ್ಬೆಕ್ಕಿಗೆ ಇಟ್ಟದ್ದು ನೆರೆಮನೆಯ ನಾಯಿಯ ಸೊಂಟಕ್ಕೆ, ಕರುವಿನ ಕಾಲಿಗೆ ಬೀಳುತ್ತದೆ. ಚಿರತೆ ಬಿದ್ದರೆ ಬೆಳಿಗ್ಗೆ ತೋಟಕ್ಕೆ ಹುಲ್ಲಿಗೆ ಹೋದ ಹೆಂಗಸಿಗೆ ಮೊದಲು ಎದುರಾಗುವುದು ನೋವಿನಿಂದ ಹುಚ್ಚಾದ ಚಿರತೆ. ವಿಷ ಇಟ್ಟರೆ ಅದು ಕಾಗೆಯ ಬಾಯಿಯಲ್ಲಿ ಬಾವಿಗೆ ಬಂದೀತು. ಬೇಲಿಗೆ ಮನೆಯ ಕರೆಂಟು ಕೊಡುವುದು ಮನುಷ್ಯರನ್ನು ಕೊಲ್ಲುವ ಕೆಲಸ. ಕೋವಿಯ ಲೈಸೆನ್ಸು ಕೊಟ್ಟದ್ದು ಬೆಳೆ ರಕ್ಷಣೆಗೆ, ಕೋಳಿ ಕದ್ದವನ ಮೇಲೆ ಸೇಡು ತೀರಿಸಲಿಕ್ಕೆ ಅಲ್ಲ. ಚಿರತೆ, ಹೆಬ್ಬಾವು, ಕಬ್ಬೆಕ್ಕು, ಮುಂಗುಸಿ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಒಂದು ಹೇಂಟೆಗಾಗಿ ಜೈಲಿಗೆ, ಕೋರ್ಟಿಗೆ ಅಲೆಯುವ ಹಾಗೆ ಆಗಬಾರದು. ಹೆಬ್ಬಾವು ಕಂಡರೆ ಗೂಡಿನ ಬಾಗಿಲು ಹಾಕಿ, ಮಕ್ಕಳನ್ನು ದೂರ ಇಟ್ಟು, ಅರಣ್ಯ ಇಲಾಖೆಯ 1926ಕ್ಕೆ ಹೇಳಿ. ನಾಯಿ ಕಟ್ಟಿದಲ್ಲಿಂದ ಮಾಯವಾದರೆ, ಗೂಡಿನ ಬಾಗಿಲೇ ಕಿತ್ತು ಬಂದಿದ್ದರೆ, ದೊಡ್ಡ ಹೆಜ್ಜೆ ಕಂಡರೆ, ಅದು ಚಿರತೆ ಇರಬಹುದು. ಹಿಂಬಾಲಿಸಿ ನೋಡಲು ಹೋಗಬೇಡಿ.

ಆ ಮನೆಯ ಮೈದುನ ಬ್ರೇಕ್ ತಂತಿಯನ್ನು ಏನು ಮಾಡಿದರು ಗೊತ್ತೇ? ಹೊಸ ಗೂಡಿನ ಬಾಗಿಲನ್ನು ಮೇಲಕ್ಕೆ ಎಳೆಯಲು, ಕೆಳಗೆ ಬಿಡಲು ಕಟ್ಟಿದ್ದಾರೆ. ಜಗಲಿಯಲ್ಲಿ ಕೂತಲ್ಲಿಂದಲೇ ತಂತಿ ಬಿಟ್ಟರೆ ಬಾಗಿಲು ಬೀಳುತ್ತದೆ. ಆ ಕೆಲಸ ಈಗ ಅಜ್ಜಿಯದ್ದು. ಗೂಡು ಅಂಗಳದ ಬದಿಗೆ ಬಂದಿದೆ, ಅಟ್ಟ ಖಾಲಿಯಾಗಿದೆ. ಹದಿನೇಳನೆಯ ದಿನಕ್ಕೆ ಮೊದಲನೆಯ ಮೊಟ್ಟೆ ಸಿಕ್ಕಿತೆಂದು ಅಕ್ಕ ಫೋನಿನಲ್ಲಿ ಹೇಳಿದರು. ಬಿಳಿ ಹುಡಿ ಕೂತ ಮೊಟ್ಟೆಯಂತೆ. ಮೊನ್ನೆ ಆ ದಾರಿಯಾಗಿ ಹೋದವನು ಸಂಜೆ ಹೊತ್ತಿಗೆ ಒಳಗೆ ಹೊಕ್ಕೆ. ಅಜ್ಜಿ ಬೆರಳು ಮಡಚಿ ಎಣಿಸುತ್ತಿದ್ದರು. ಹದಿಮೂರು ಹೇಂಟೆ, ಒಂದು ಹುಂಜ. ತಂತಿ ಬಿಟ್ಟರು, ಬಾಗಿಲು ಬಿತ್ತು.